ಬದುಕಿದ್ದವರಿಗೆ ಕೆಡುವ ಗಾಡಿ

ನಮ್ಮ ದೊಡ್ಡಪ್ಪನ ಮಗನ ಪಿಕಪ್ ಗಾಡಿ ಹತ್ತಿ, ದಾರಿಯಲ್ಲಿ ಒಮ್ಮೆಯೂ ಇಳಿದು ತಳ್ಳದೆ ಊರು ಮುಟ್ಟಿದವರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೇಕಾದಷ್ಟು ಜನ. ಆದರೆ ಅವರಲ್ಲಿ ಒಬ್ಬರನ್ನೂ ನೀವು ಸಾಕ್ಷಿಗೆ ಕರೆಯುವಂತಿಲ್ಲ. ಯಾಕೆಂದರೆ ಅವರೆಲ್ಲ ಹತ್ತುವಾಗಲೇ ಸತ್ತಿದ್ದರು!

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಇಬ್ಬರಿಗೂ ಎಪ್ಪತ್ತು ದಾಟಿದೆ. ಗಾಡಿಯ ವಯಸ್ಸು ಕೇಳಬೇಡಿ. ಅವನು ಕೊಳ್ಳುವ ಹೊತ್ತಿಗೇ ಅದು ಮೂರು ಕೈ ಬದಲಾಯಿಸಿತ್ತು. ಎಳನೀರು, ರೇಷ್ಮೆಗೂಡು, ಮದುವೆ ದಿಬ್ಬಣ, ಏನು ಸಿಕ್ಕರೂ ಹೊರುತ್ತಿದ್ದ. ರಿಪೇರಿಗೆ ಮಾತ್ರ ಇನ್ನೊಬ್ಬರ ಕೈ ತಾಗಿಸುತ್ತಿರಲಿಲ್ಲ. ಡೀಸೆಲ್ ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ಮೆತ್ತುವನು. ರೇಡಿಯೇಟರ್ ಸೋರಿದರೆ ಅತ್ತಿಗೆಯ ಡಬ್ಬಿಯಿಂದ ಅರಿಶಿನ ಪುಡಿ ಕದ್ದು ಸುರಿಯುವನು. ಸೆಲ್ಫ್ ಹಿಡಿಯದಿದ್ದರೆ ಬೆಳಗಾಗಲಿಲ್ಲವೇ ಎಂದು ನೆಂಟರ ಬಾಗಿಲು ತಟ್ಟುವ ಹಾಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟುವನು. “ಏಳಿ, ಏಳಿ, ಒತ್ತಾಯ್ತು.” ಊರವರನ್ನೆಲ್ಲ ‘ಲೇ’ ಎನ್ನುವ ಮನುಷ್ಯ, ಗಾಡಿಗೆ ಬಹುವಚನ!

ಅರಿಶಿನದ ಕತೆ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಏರು ಹತ್ತುವಾಗ ಬಾನೆಟ್ ಸಂದಿನಿಂದ ಹಬೆ ಏಳುತ್ತಿತ್ತು. ಮದುಮಗಳಿಗೆ ಎಣ್ಣೆ ಅರಿಶಿನ ಹಚ್ಚುವ ದಿನದ ವಾಸನೆ ಇಡೀ ರಸ್ತೆಗೆ ಹರಡುತ್ತಿತ್ತು. ಯಾರ ಮನೆ ಮದುವೆಯೋ ಎಂದು ಜನ ಹಿಂದೆ ಇಣುಕಿ ನೋಡಿದರೆ, ಬಿಳಿ ಬಟ್ಟೆ ಹೊದ್ದ ಹೆಣ!

ಒಂದು ಸಲ ನಮ್ಮ ನೆಂಟರ ದಿಬ್ಬಣ ಇದೇ ಗಾಡಿಯಲ್ಲಿ ಮಳವಳ್ಳಿಗೆ ಹೊರಟಿತು. ಮದುಮಗ ಕಾರಿನಲ್ಲಿ ಮುಂದೆ ಹೋಗಿದ್ದ. ಮುಹೂರ್ತಕ್ಕೆ ಹೊತ್ತಾಯಿತು, ಬೇಗ ಓಡಿಸು ಎಂದು ಹಿಂದಿನಿಂದ ಎಲ್ಲರೂ ಕ್ಯಾಬಿನ್ ಬಡಿಯುವವರೇ. ಗಾಡಿ ಮೂರು ಕಡೆ ನಿಂತಿತು. ಮೂರನೆಯ ಸಲ ನಮ್ಮ ಸೋದರಮಾವ ಪಂಚೆ ಎತ್ತಿ ಕಟ್ಟಿ ಇಳಿದ.

“ಏನ್ಲಾ, ಕೆಟ್ಟೋಯ್ತಾ?”

“ಕೆಟ್ಟಿಲ್ಲ ಕಣ್ ಮಾವ. ಯೋಚ್ನೆ ಮಾಡ್ತಾವ್ರೆ.”

“ಯಾರ್ಲಾ?”

“ಗಾಡಿಯವ್ರು.”

ನಾವು ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿ, ಊಟ ಮುಗಿದು, ಎಲೆ ಎತ್ತಿದ್ದರು.

ಅದೇ ವಾರ ಮಂಡ್ಯದ ಆಸ್ಪತ್ರೆಯಲ್ಲಿ ಒಬ್ಬ ಅಜ್ಜ ತೀರಿಕೊಂಡ. ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿಯವನು. ಮಗ ಗುಂಡಿ ತೋಡಿಸಲು ಬೈಕಿನಲ್ಲಿ ಮುಂದೆ ಹೋದ. ಹಿಂದೆ ಅಜ್ಜ ಒಬ್ಬನೇ. ಮುಂದೆ ಅಣ್ಣ ಮತ್ತು ನಾನು. ದೀಪ ಹಚ್ಚುವ ಹೊತ್ತು. ದಿಬ್ಬಣದಲ್ಲಿ ಹೆಜ್ಜೆಗೊಂದು ಸಲ ಕೆಮ್ಮಿದ ಗಾಡಿ ಅಂದು ತೊಟ್ಟಿಲು ತೂಗಿದ ಹಾಗೆ ಹೊರಟಿತು. ಅಣ್ಣ ಹಿಂದಿನ ಕಿಂಡಿಯ ಕಡೆ ಬಾಗಿ, ದಾರಿಯಲ್ಲಿ ಬರುವ ಊರುಗಳನ್ನು ಒಂದೊಂದಾಗಿ ಹೇಳುತ್ತ ಬಂದ. ಹೆಣಕ್ಕೆ! ದಾರಿ ತಪ್ಪಬಾರದಂತೆ.

“ಅಜ್ಜ, ಬೆಳ್ಳೂರು ಬತ್ತಾ ಅದೆ. ಮುಂದೆ ಅಳ್ಳ ಅದೆ, ಉಸಾರಾಗಿ ಮಲೀಕೊ.”

ಹಿಂದಿನಿಂದ ಟಕ್, ಟಕ್, ಟಕ್ ಎಂದಿತು.

ನಾನು ಅಣ್ಣನ ತೋಳು ಹಿಡಿದೆ. “ಅಣ್ಣ, ಏನದು?”

“ಹಿಂದ್ಲು ಡೋರಿನ ಚೈನು ಕಣ್ಲಾ. ಸುಮ್ಕಿರು.”

ಊರು ಮುಟ್ಟಿ ಇಳಿದ ಮೇಲೆ ನೋಡಿದೆ. ಡೋರಿಗೆ ಚೈನೇ ಇರಲಿಲ್ಲ. ನಾರಿನ ಹಗ್ಗದಿಂದ ಬಿಗಿದಿತ್ತು. ಆ ಕಡೆಯ ಮರಗಳಲ್ಲಿ ಕೊಕ್ಕರೆಗಳು ಕೊಕ್ಕು ಬಡಿಯುತ್ತವೆ, ನಿಜ. ಆದರೆ ನನಗೆ ಸದ್ದು ಕೇಳಿದಾಗ ಸುತ್ತ ಬರೀ ಬಯಲು. ಒಂದು ಗಿಡವೂ ಇರಲಿಲ್ಲ.

ಇಲ್ಲಿಂದ ಮುಂದೆ ನಗುವುದು ನಿಮಗೆ ಬಿಟ್ಟದ್ದು. ಇದು ನನ್ನ ತಪ್ಪೊಪ್ಪಿಗೆ.

ನಾನು ಓದಿದ್ದು ಹತ್ತನೆಯ ತರಗತಿ. ಆಗ ಊರಿನ ಹಾಲಿನ ಡೈರಿಯಲ್ಲಿ ಅಳೆದು ಬರೆಯುವ ಕೆಲಸ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಇಡೀ ಊರು ಕ್ಯಾನು ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಿತ್ತು. ಇಷ್ಟು ಜನ ಎದುರಿಗಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಮಾರನೆಯ ಬೆಳಿಗ್ಗೆ ಹೇಳಿಯೇಬಿಟ್ಟೆ: “ಅಣ್ಣನ ಗಾಡಿಗೆ ಜೀವ ಇರೋರ್ ಭಾರ ಆಗಿಬರಕಿಲ್ಲ. ಕೆಟ್ಟು ನಿಂತ್ರೆ ಬದುಕಿದ್ದೀರಿ ಅಂತ ಲೆಕ್ಕ. ನಿಲ್ದೇ ಓಡ್ತಾ ಇದ್ರೆ ಮೂಗಿನ್ ತಾವ ಬೆರ್ಳು ಇಟ್ಟು ಉಸ್ರು ನೋಡ್ಕಳಿ!”

ಸಾಲು ಬಿದ್ದು ಬಿದ್ದು ನಕ್ಕಿತು. ನನ್ನ ಹೆಂಡತಿ ಮನೆಯಲ್ಲಿ ಕೇಳಿ ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನು ಬಿಡುತ್ತೇನೆಯೇ? ಮೂರು ಸಲ ಬಡಿದ ಸದ್ದನ್ನು ಸಂಜೆಗೆ ಏಳು ಮಾಡಿದೆ. ಮಾರನೆಯ ದಿನ ಅಜ್ಜ ಒಳಗಿನಿಂದ ಕೆಮ್ಮಿದ. ಹದಿನೈದು ದಿನಕ್ಕೆ ಕತೆ ಬೆಸಗರಹಳ್ಳಿಗೆ ಹೋಗಿ, ಅಲ್ಲಿಂದ ಬಸ್ಸಿನ ಕಂಡಕ್ಟರ್ ಬಾಯಲ್ಲಿ ತಿರುಗಿ ನನ್ನ ಬಳಿಗೇ ಬಂತು. ಅಷ್ಟರಲ್ಲಿ ಗಾಡಿ ಡ್ರೈವರ್ ಇಲ್ಲದೆ ಓಡಾಡುತ್ತಿತ್ತು. ಕೇಳಿ ನಾನೇ ಹೆದರಿದೆ!

ಆಮೇಲೆ ದಿಬ್ಬಣದವರು ಕರೆಯುವುದನ್ನು ನಿಲ್ಲಿಸಿದರು. ರೇಷ್ಮೆಯವರು ನಿಲ್ಲಿಸಿದರು. ಹುಳ ಸಾಕುವ ಮನೆಯಲ್ಲಿ ಇಂಥ ಭಯಕ್ಕೆ ಬಲ ಜಾಸ್ತಿ. ಕೊನೆಗೆ ಎಳನೀರಿನವರೂ ಬೇರೆ ಗಾಡಿ ನೋಡಿಕೊಂಡರು. ಅಣ್ಣನಿಗೆ ಉಳಿದದ್ದು ಹೆಣ ಸಾಗಿಸುವ ಕೆಲಸ ಮಾತ್ರ. ಅದಕ್ಕೆ ಅವನು ಡೀಸೆಲ್ ದುಡ್ಡು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. “ಅಳ್ತಾ ನಿಂತೋರ್ ಮುಂದೆ ಕೈ ಚಾಚಕಾದದಾ?” ಎನ್ನುತ್ತಿದ್ದ. ಎರಡು ಎಮ್ಮೆ ಮಾರಿದ. ಡೈರಿಯ ಸಾಲಿನಲ್ಲಿ ಅವನು ಕಾಣದಾದ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಮದ್ದೂರಿನ ಒಬ್ಬ ಮೆಕ್ಯಾನಿಕ್ ಮುಂದೆ ಇದೇ ಕತೆ ಹೇಳಿದೆ. ಅವನು ನಗಲಿಲ್ಲ. ಕೈ ಒರೆಸಿಕೊಳ್ಳುತ್ತ ಹೇಳಿದ: “ದೆವ್ವನೂ ಇಲ್ಲ, ಗಿವ್ವನೂ ಇಲ್ಲ ಯಜಮಾನ್ರೇ. ಟ್ಯಾಂಕಿನ್ ತಳದಲ್ಲಿ ಕಸ ಕೂತದೆ. ಜೋರಾಗಿ ಓಡ್ಸುದ್ರೆ ಕದಡಿ ಪೈಪಿಗೆ ಕಟ್ಕತದೆ. ಎಂಜಿನ್ ನಿಂತೋಯ್ತದೆ. ಎಣ ಯಾವತ್ತಾದ್ರೂ ಬೇಗ ಓಡ್ಸು ಅಂತದಾ? ಮೆತ್ತಗೆ ಓಡ್ಸುದ್ರೆ ಕಸ ಅಲ್ಲೇ ಕೂತಿರ್ತದೆ. ಟ್ಯಾಂಕ್ ಬಿಚ್ಚಿ ತೊಳುದ್ರೆ ಮುಗೀತು. ನಿಮ್ಮಣ್ಣಂಗೆ ಯೋಳಿ.”

ನಾನು ಹೇಳಲಿಲ್ಲ. ಒಂದು ದಿನವಲ್ಲ, ಒಂದು ವರ್ಷವಲ್ಲ. ಹೇಳಿದ್ದರೆ ಕತೆ ಸಾಯುತ್ತಿತ್ತು. ಬರೀ ಹಾಲು ಅಳೆಯುವವನ ಮಾತಿಗೆ ಯಾರು ಕಾಯುತ್ತಾರೆ?

ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿಗೆ ಹೊಟ್ಟೆನೋವು ಬಂತು. ಮೈಯೆಲ್ಲ ಬೆವರು, ವಾಂತಿ, ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಆಂಬುಲೆನ್ಸ್ ದೂರದಲ್ಲಿತ್ತು, ಬರಲು ಹೊತ್ತಾಗುತ್ತದೆ ಎಂದರು. ಕರೆಯದೆಯೇ ಅಣ್ಣ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಹಿಂದೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ.

ಎಂಥ ಮಂಜು! ಎರಡು ಕಡೆಯೂ ಕಬ್ಬು ಮಂಜಿನೊಳಗಿಂದ ಎದ್ದು ಬಂದು ಮಂಜಿಗೇ ಹೋಗುತ್ತಿತ್ತು. ಅವಳ ಮೈ ಕುಲುಕಬಾರದೆಂದು ಅಣ್ಣ ಮೆಲ್ಲಗೆ ಓಡಿಸುತ್ತಿದ್ದ. ಗಾಡಿ ಕೆಮ್ಮಲಿಲ್ಲ. ತೊಟ್ಟಿಲು ತೂಗಿದ ಹಾಗೆ ಹೋಗುತ್ತಿತ್ತು. ಅರಿಶಿನದ ವಾಸನೆ ನಮ್ಮ ಮೇಲೆ ಹಾಯ್ದು ಹೋಗುತ್ತಿತ್ತು.

“ರೀ, ಮದ್ದೂರು ಆಯ್ತಾ?” ಎಂದಳು.

“ಊಂ.”

“ಗಾಡಿ ಎಲ್ಲೂ ನಿಲ್ನಿಲ್ವಲ್ಲ?”

“ಟ್ಯಾಂಕಲ್ಲಿ ಕಸ ಅದಂತೆ ಕಣೆ. ಮೆತ್ತಗೆ ಓಡ್ಸುದ್ರೆ ನಿಲ್ಲಕಿಲ್ವಂತೆ.”

“ನಂಗೆ ಸಮಾಧಾನ ಯೋಳ್ಬ್ಯಾಡಿ.”

ಇಷ್ಟು ವರ್ಷದ ಸುಳ್ಳನ್ನು ನಗುತ್ತಲೇ ನಂಬಿದವಳು, ಆ ಒಂದು ನಿಜವನ್ನು ನಂಬಲಿಲ್ಲ. ಅವಳನ್ನು ಯಾಕೆ ಅನ್ನಲಿ? ನಿಜ ಗೊತ್ತಿದ್ದ ನಾನೇ ಒಳಗೊಳಗೆ ಬೇಡುತ್ತಿದ್ದೆ: ನಿಲ್ಲು, ಒಂದೇ ಒಂದು ಸಲ ನಿಲ್ಲು.

ಆಗ ಅಣ್ಣ ಅಭ್ಯಾಸಬಲದಿಂದ ಕಿಂಡಿಯ ಕಡೆ ಬಾಗಿದ. “ತಾಯಿ, ಗೆಜ್ಜಲಗೆರೆ ಬತ್ತಾ ಅದೆ...”

ಅವಳು ಕೈ ಮೆಲ್ಲಗೆ ಎತ್ತಿ, ತನ್ನ ಮೂಗಿನ ಹತ್ತಿರ ಬೆರಳು ಇಟ್ಟುಕೊಂಡಳು.

ಅಣ್ಣ ಅದನ್ನು ಕನ್ನಡಿಯಲ್ಲಿ ಕಂಡ. ಹಳೆಯ ಡೀಸೆಲ್ ಗಾಡಿಯಲ್ಲಿ ಎಂಜಿನ್ ಆರಿಸಲು ಎಳೆಯುವ ಒಂದು ಹಿಡಿ ಇರುತ್ತದೆ. ಅವನ ಕೈ ಅದನ್ನು ಎಳೆದದ್ದನ್ನು ನಾನು ಕಿಂಡಿಯಿಂದ ನೋಡಿದೆ. ಗಾಡಿ ನಡುಗಿ ರಸ್ತೆ ಪಕ್ಕ ನಿಂತಿತು.

“ಥೂ, ಕೆಟ್ಟೋಯ್ತು ಕಣ್ಲಾ! ಬಾ ಇಲ್ಲಿ!”

ಮುಂದೆ ಹೋದೆ. ಬಾನೆಟ್ ಎತ್ತಿ ಸುಮ್ಮನೆ ನಿಂತಿದ್ದ. “ಬಯ್ಯಿ,” ಎಂದು ಪಿಸುಗುಟ್ಟಿದ. “ಜೋರಾಗಿ ಬಯ್ಯಿ. ಅವ್ಳ್ಗೆ ಕೇಳ್ಬೇಕು.”

ಬಯ್ದೆ. ದರಿದ್ರ ಗಾಡಿ, ಗುಜರಿ ಗಾಡಿ, ಹಾಳಾದ ಗಾಡಿ ಎಂದು ಗಂಟಲು ಕಿತ್ತುಹೋಗುವಂತೆ ಬಯ್ದೆ. ಬಯ್ಯುತ್ತ ಬಯ್ಯುತ್ತ ಅಳು ಬಂತು. “ಅಣ್ಣ, ಆ ಕತೆ ಕಟ್ಟುದ್ದು ನಾನೇ ಕಣಣ್ಣ.”

“ಅದ್ನ ಆಮ್ಯಾಕೆ ಯೋಳು. ಈಗ ಬಯ್ಯಿ.”

ಹಿಂದಿನಿಂದ ಸಣ್ಣ ದನಿ ಬಂತು. “ಕೆಟ್ಟೋಯ್ತಾ ಭಾವ?”

“ಊಂ ಕಣವ್ವ, ಪೂರಾ ಕೆಟ್ಟೋಯ್ತು!”

“ಸದ್ಯ,” ಎಂದಳು.

ಐದು ನಿಮಿಷ ಬಿಟ್ಟು ಹೊರಟೆವು. ಮಂಡ್ಯ ಮುಟ್ಟುವವರೆಗೂ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. ಪಿತ್ತಕೋಶದಲ್ಲಿ ಕಲ್ಲು, ಕೀವು. ಆಪರೇಷನ್ ಆಗಿ ಒಂಬತ್ತನೆಯ ದಿನ ಮನೆಗೆ ಕಳಿಸಿದರು.

ಕರೆದೊಯ್ಯಲು ಅಣ್ಣನೇ ಬಂದಿದ್ದ. ಆಸ್ಪತ್ರೆಯ ಬೇವಿನ ಮರದ ಕೆಳಗೆ, ಅವಳು ಬರುವಷ್ಟರಲ್ಲಿ, ಎಲ್ಲವನ್ನೂ ಒಪ್ಪಿಸಿದೆ. ಡೈರಿಯ ಸಾಲು, ಮೆಕ್ಯಾನಿಕ್ ಹೇಳಿದ ಮಾತು, ಟ್ಯಾಂಕಿನ ಕಸ, ಹೇಳದೆ ಕಳೆದ ವರ್ಷಗಳು. ಬಯ್ಯಲಿ, ಎರಡೇಟು ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವನು ನನ್ನ ಕಡೆ ನೋಡಲೇ ಇಲ್ಲ. ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸೋಪು ಮೆತ್ತಿದ ಟ್ಯಾಂಕನ್ನು ಅಂಗೈಯಿಂದ ಸವರಿದ. ಬಹಳ ಹೊತ್ತು ಸವರಿದ.

“ಒಟ್ಟೇಲಿ ಇಷ್ಟು ಕಸ ಇಟ್ಕಂಡು ಓಡ್ತಿದ್ರಾ ನನ್ನಪ್ಪ? ನಂಗೊಂದ್ ಮಾತು ಯೋಳ್ಬಾರ್ದಾಗಿತ್ತಾ?”