ಹಲಸಿನ ಮಣೆಯೂ ಕರಿ ಗಿಟಾರೂ

ತಪ್ಪು ನನ್ನ ಬೆರಳುಗಳದ್ದು ಎಂದು ಒಪ್ಪಿಕೊಳ್ಳುವುದಕ್ಕಿಂತ ಮರದ್ದು ಎಂದುಬಿಡುವುದು ಎಷ್ಟೋ ಸುಲಭ. ಮರ ತಿರುಗಿ ಮಾತಾಡುವುದಿಲ್ಲ. ಐವತ್ತರ ಹತ್ತಿರ ಬಂದಮೇಲೆ ಎಲೆಕ್ಟ್ರಿಕ್ ಗಿಟಾರ್ ಹಿಡಿದವನು ನಾನು. ವಾರವಿಡೀ ಬಂಗಾರಪೇಟೆಯಲ್ಲಿ ಗುಮಾಸ್ತಗಿರಿ, ಭಾನುವಾರ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯೊಂದರಲ್ಲಿ ಗಿಟಾರ್ ಪಾಠ. ಎರಡು ವರ್ಷವಾದರೂ ನನ್ನ ಗಿಟಾರು ಕೊಯ್ಯೋ ಎನ್ನುವುದನ್ನು ಬಿಡಲಿಲ್ಲ. ಕಾರಣ ಹುಡುಕುತ್ತ ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದೆ. ಒಬ್ಬ ಮಹಾಗನಿಯ ನಾದ ಬೆಚ್ಚಗಿರುತ್ತದೆ ಎಂದ, ಇನ್ನೊಬ್ಬ ಮೇಪಲ್ಲಿನದು ಚುರುಕು ಎಂದ. ಅಯ್ಯೋ, ನನ್ನದು ಯಾವ ದರಿದ್ರ ಮರವೋ ಎಂದು ಹೊಟ್ಟೆ ಉರಿದುಹೋಯಿತು.

ಆಗ ಹೊಳೆಯಿತು, ನಮ್ಮಲ್ಲಿ ವೀಣೆ ಮಾಡುವುದು ಹಲಸಿನ ಮರದಲ್ಲಲ್ಲವೇ! ಆದರೆ ಹಸಿ ಮರ ಬೇಡ, ಹಳೆಯದಾಗಿ ಚೆನ್ನಾಗಿ ಒಣಗಿರಬೇಕು. ಅಂಥದ್ದು ನಮ್ಮ ಮನೆಯ ಅಟ್ಟದ ಮೇಲೇ ಇತ್ತು: ನನ್ನ ಹೆಂಡತಿ ಸರೋಜ ಕಾಮಸಮುದ್ರದ ತವರಿನಿಂದ ತಂದ, ಅವಳ ಅಜ್ಜಿಯ ಕಾಲದ ಹಸೆಮಣೆ. ಒಳ್ಳೇ ದಪ್ಪ ಹಲಗೆ. ನಮ್ಮ ಮದುವೆಯಾದಮೇಲೆ ಅದರ ಮೇಲೆ ಯಾರೂ ಕೂತಂತಿರಲಿಲ್ಲ. ಕಾಲು ಅಲ್ಲಾಡುತ್ತಿದೆ, ರಿಪೇರಿ ಮಾಡಿಸುತ್ತೇನೆ ಎಂದು ಅವಳಿಗೆ ಸುಳ್ಳು ಹೇಳಿ ಆಂಡರ್ಸನ್‌ಪೇಟೆಯ ಆಚಾರಿಯ ಹತ್ತಿರ ಒಯ್ದೆ.

ಹಳೆಯ ಕತ್ತು, ತಂತಿ, ತಂತಿಯ ನಾದವನ್ನು ಕರೆಂಟಿಗೆ ದಾಟಿಸುವ ಪಿಕಪ್ಪುಗಳನ್ನೇ ಇಟ್ಟುಕೊಂಡು ಒಡಲು ಮಾತ್ರ ಈ ಮಣೆಯಲ್ಲಿ ಕೊರೆದುಕೊಡು, ಮೇಲೆ ಮಿರಿಮಿರಿ ಕರಿ ಬಣ್ಣ ಹೊಡಿ ಎಂದೆ. ವೀಣೆ ಟೊಳ್ಳು, ಇದು ಗಟ್ಟಿ, ಇದರ ಸೌಂಡು ಕರೆಂಟಿನದಲ್ಲವೇ ಎಂದು ಆಚಾರಿ ಗೊಣಗಿದ. ನಿನಗೆ ನಾದ ಗೊತ್ತಾಗುವುದಿಲ್ಲ ಎಂದು ಗದರಿದೆ. ಹದಿನೈದು ದಿನಕ್ಕೆ ಗಿಟಾರು ಬಂತು. ಅವನ ಅಂಗಡಿಯಲ್ಲೇ ತಂತಿ ಮೀಟಿದೆ. ಆಹಾ! ಜೇನು, ಬರೀ ಜೇನು. ಕಂಡವರಿಗೆಲ್ಲ ಹಲಸಿನ ನಾದದ ಮೇಲೆ ಭಾಷಣ ಬಿಗಿದೆ. ಸರೋಜ ಮಾತ್ರ, ಹಳೆಯದೂ ಹೀಗೇ ಅರಚುತ್ತಿತ್ತಲ್ಲ ಎಂದಳು. ಪಾಪ, ಸಂಗೀತದ ಗಂಧವಿಲ್ಲದವಳು ಎಂದು ಕ್ಷಮಿಸಿಬಿಟ್ಟೆ.

ತಿಂಗಳು ಕಳೆಯುವುದರೊಳಗೆ ಅವಳ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. "ಎಲ್ಲೈತ್ರೀ ಮಣೆ? ನಮ್ಮವ್ವ ಅದರ ಮೇಲೇ ಕೂತಿದ್ದು, ನಾನೂ ಅದರ ಮೇಲೇ ಕೂತಿದ್ದು. ಮಗೀನೂ ಅದರ ಮೇಲೇ ಕೂರ್ಬೇಕು" ಎಂದಳು. ಮಣೆ ಅವಳ ಕಣ್ಣ ಮುಂದೆಯೇ, ಕರಿ ಬಣ್ಣ ಬಳಿದುಕೊಂಡು ಗೋಡೆಗೆ ನೇತುಬಿದ್ದಿತ್ತು! ಅಂಥದ್ದೇ ಇನ್ನೊಂದು ಮಾಡಿಸಿಬಿಡೋಣವೆಂದು ಆಚಾರಿಯ ಹತ್ತಿರ ಓಡಿದೆ. ನನ್ನ ಗೋಳನ್ನೆಲ್ಲ ಕೇಳಿ ಅವನು ಒಳಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಸರೋಜಳ ಮಣೆಯನ್ನೇ ತಂದು ಮುಂದಿಟ್ಟ.

"ಅರಿಶಿನ ಅಂಟಿರೋ ಮಣೆಗೆ ಗರಗಸ ಎಂಗೆ ಇಕ್ಕಲಿ ಸಾರ್? ನಿಮ್ಮ ಗಿಟಾರು ಸೆಂಟ್ರಿಂಗ್ ಹಲಗೇದು. ಅವತ್ತೇ ಏಳೋಣ ಅಂದ್ಕೊಂಡೆ, ನೀವು ಬಾರಿಸ್ಕೊಂಡು ಕಣ್ಣಲ್ಲಿ ನೀರು ಆಕ್ಕೊಂಡ್ರಿ. ಆಮೇಲೆ ಬಾಯೇ ಬರ್ಲಿಲ್ಲ" ಎಂದ.

ತಾರಸಿಗೆ ಮೋಲ್ಡ್ ಹಾಕುವಾಗ ಸಿಮೆಂಟು ಕುಡಿದು ಬಿಸಾಕಿದ ಹಲಗೆ! ಅದನ್ನು ತಬ್ಬಿಕೊಂಡು ನಾನು ಜೇನು ಸವಿದಿದ್ದೆ. ನಾಚಿಕೆಯಾಯಿತು ನಿಜ, ಆದರೆ ಬದುಕಿದೆ ಎನ್ನುವ ಸಂತೋಷ ಅದಕ್ಕಿಂತ ದೊಡ್ಡದಿತ್ತು. ಮಣೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಸರೋಜ ಅದನ್ನು ಒರೆಸಿ, ಕಾಲು ಅಲ್ಲಾಡುತ್ತದೆಯೇ ನೋಡಲು ಅದರ ಮೇಲೆ ತಾನೇ ಕೂತಳು. ಹಾಗೆ ಕೂತವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಒದರಿಬಿಟ್ಟೆ. ಬೈಗುಳಕ್ಕೆ ಸಿದ್ಧನಾಗಿಯೇ ಇದ್ದೆ. ಅವಳು ಮಣೆಯನ್ನು ಒಮ್ಮೆ ಸವರಿ, ಗೋಡೆಯ ಮೇಲಿನ ಗಿಟಾರನ್ನು ನೋಡಿ, ಆಮೇಲೆ ನನ್ನನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದಳು.

"ಓಗ್ಲಿ ಬಿಡಿ. ಇದೇ ಮಣೆ ಮೇಲೆ ಕೂತು ತಾಳಿ ಕಟ್ಟಿಸ್ಕೊಳ್ಳೋವಾಗ ನಾನೂ ನಿಮ್ಮನ್ನ ತೇಗದ ಹಲಗೆ ಅಂದ್ಕೊಂಡಿದ್ದೆ ಕಣ್ರೀ."