ದೊಡ್ಡಪ್ಪನ ಎಂಟು ಸಿಲಿಂಡರ್, ಬೀದಿಯ ಹತ್ತು ಕುಕ್ಕರ್

ಕಳೆದ ವರ್ಷ ಗಣೇಶನ ಹಬ್ಬದ ಮಾರನೆಯ ದಿನ ಶುರುವಾಗಿ ಆಯುಧಪೂಜೆಯ ಬೆಳಿಗ್ಗೆ ಮುಗಿದ ಸಂಗತಿ ಇದು. ದೊಡ್ಡಪ್ಪನ ಕಾರಿನ ಸುತ್ತ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇತ್ತು. ನಾನು ಬರೆದಿಟ್ಟುಕೊಂಡದ್ದು ಇಷ್ಟು.

ಕಾರು ಅಮೆರಿಕದ್ದು. ಮಸಲ್ ಕಾರ್ ಅಂತಾರೆ. ಐವತ್ತು ವರ್ಷ ಹಳೆಯದು. ಎರಡು ಬಾಗಿಲು, ಎಂಟು ಸಿಲಿಂಡರ್, ಸ್ಟೇರಿಂಗ್ ಎಡಕ್ಕೆ. ರಾಜಾಜಿನಗರದಲ್ಲಿ ಲೇತ್ ನಡೆಸುತ್ತಿದ್ದ ದೊಡ್ಡಪ್ಪ, ಒಳಗೆ ಕೋಳಿ ಮೊಟ್ಟೆ ಇಡುತ್ತಿದ್ದ ಸ್ಥಿತಿಯಲ್ಲಿ ಅದನ್ನು ತಂದವರು. ಬಸವೇಶ್ವರನಗರದ ಮನೆಯ ಪೋರ್ಟಿಕೊದಲ್ಲಿ ಹನ್ನೊಂದು ವರ್ಷ ಕೂತು ಹೊಸದರಂತೆ ಮಾಡಿದರು. ಈಗ ಪೋರ್ಟಿಕೊ ದೊಡ್ಡಮ್ಮನಿಗೆ ಬೇಕಿತ್ತು. ವಿಜಯದಶಮಿಗೆ ವೀಣೆ ಕ್ಲಾಸು ಶುರು ಮಾಡುತ್ತೇನೆಂದು ಆರು ಮಕ್ಕಳ ಮನೆಯವರಿಗೆ ಮಾತು ಕೊಟ್ಟಿದ್ದರು.

"ಅಷ್ಟರೊಳಗೆ ಇದು ಹೋಗ್ಬೇಕು. ಇಲ್ಲಾಂದ್ರೆ ಮಕ್ಕಳನ್ನ ಬಾನೆಟ್ ಮೇಲೆ ಕೂರಿಸ್ತೀನಿ," ಎಂದರು ದೊಡ್ಡಮ್ಮ.

ಬಾನೆಟ್ಟಿಗೆ ಏಳು ಕೋಟ್ ಬಣ್ಣ ಹೊಡೆದಿದ್ದ ದೊಡ್ಡಪ್ಪ ಅಂದೇ ಮಾರಲು ಒಪ್ಪಿದರು. ಎಂ.ಎಸ್ಸಿ. ಮುಗಿಸಿ ಅವರ ಮಹಡಿಯಲ್ಲಿದ್ದ ನನ್ನನ್ನು ಕರೆದರು.

"ನೀನು ಎಲ್ಲಾ ಬರೆದಿಡೋನು. ನೀನೇ ಮಾರು."

೧. ಎಷ್ಟು ಕೊಡತ್ತೆ

ಮೊದಲ ವಾರ ಇಪ್ಪತ್ತೆರಡು ಫೋನ್ ಬಂತು. ಇಪ್ಪತ್ತೆರಡು ಜನವೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಕೊಡತ್ತೆ?"

"ಲೀಟರಿಗೆ ನಾಲ್ಕು ಕಿಲೋಮೀಟರ್."

ಇಪ್ಪತ್ತೊಂದು ಜನ ಫೋನಿಟ್ಟರು. ಮೂಡಲಪಾಳ್ಯದವನೊಬ್ಬ ಮಾತ್ರ ಇಡಲಿಲ್ಲ.

"ನಾಲ್ಕಾ? ಗುರು, ಒಂದು ಮಸಾಲೆ ದೋಸೆ ಹಾಕಿದ್ರೆ ನಾನೇ ಆರು ಕೊಡ್ತೀನಿ."

೨. ಹೂ

ಮನೆಗೆ ಬಂದ ಮೊದಲ ಗಿರಾಕಿ ಮಲ್ಲತ್ತಹಳ್ಳಿಯ ಒಬ್ಬ ದಂತವೈದ್ಯರು. ಒಂದು ಸುತ್ತು ಹೋಗಿಬರೋಣ ಎಂದರು. ಮಾರುವವರ ಹೆಂಡತಿಯೂ ಕೂತರೆ ಕಾರಿನ ಮೇಲೆ ನಂಬಿಕೆ ಬರುತ್ತದೆ ಎಂಬುದು ದೊಡ್ಡಪ್ಪನ ಸಿದ್ಧಾಂತ. ಹಾಗಾಗಿ ದೊಡ್ಡಮ್ಮ ಮುಂದಿನ ಸೀಟಿನಲ್ಲಿ, ಬಲಗಡೆ ಕೂತರು. ಸಂಜೆಯ ಪೂಜೆಗೆ ಹೊತ್ತಾಗುತ್ತದೆಂದು ಮಡಿಲಲ್ಲಿ ಮಲ್ಲಿಗೆ ಮೊಗ್ಗು, ದಾರ. ಡಾಕ್ಟರೂ ನಾನೂ ಹಿಂದೆ.

ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಒಂದು ಆಟೊ ನಮ್ಮ ಬಲಕ್ಕೆ ಬಂತು. ಆಟೊದವರು ತಿರುಗಿ ನೋಡಿದರು. ಅವರ ಕಣ್ಣಿಗೆ ಕಂಡದ್ದು, ಇಷ್ಟು ದೊಡ್ಡ ಕಾರಿನ ಡ್ರೈವರ್ ಜಾಗದಲ್ಲಿ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಹೂ ಕಟ್ಟುತ್ತಿರುವ ಹೆಂಗಸು. ಹಸಿರು ದೀಪ ಬಂತು. ಕಾರು ಹೊರಟಿತು. ದೊಡ್ಡಮ್ಮ ತಲೆ ಎತ್ತಲಿಲ್ಲ.

"ಅಮ್ಮಾ, ಕೈ! ಕೈ!" ಎಂದು ಆಟೊದವರು ಕೂಗಿದರು.

ದೊಡ್ಡಮ್ಮ ಕೈ ಎತ್ತಿ ತೋರಿಸಿದರು. "ಎರಡು ಮೊಳ ಆಯ್ತಪ್ಪ. ಇನ್ನೊಂದು ಮೊಳ."

ಬೆಂಗಳೂರಿನಲ್ಲಿ ಆಟೊದವರೊಬ್ಬರು ತಾವಾಗಿ ನಿಂತು ದಾರಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

೩. ಕೂಗು

ಎರಡನೆಯವರು ವಿಜಯನಗರದ ಬ್ಯಾಂಕ್ ಅಧಿಕಾರಿ. ಕೆಲಸಕ್ಕೆ ಹೋಗುವ ಮುಂಚೆ, ಬೆಳಿಗ್ಗೆ ಎಂಟಕ್ಕೆ ಬಂದರು. ಎಂಜಿನ್ ಶಬ್ದ ಕೇಳಬೇಕೆಂದರು. ದೊಡ್ಡಪ್ಪ ಕೀಲಿ ತಿರುಗಿಸಿದರು. ಕಿಟಕಿ ಗಾಜು ಅದುರಿತು. ಪಾರಿವಾಳಗಳು ಹಾರಿಹೋದವು. ಎರಡು ನಿಮಿಷ ಓಡಿಸಿ ನಿಲ್ಲಿಸಿದರು.

ಎದುರುಮನೆಯ ಟೀಚರ್ ಸೌಟು ಹಿಡಿದು ಬಂದರು. "ನಮ್ಮ ಕುಕ್ಕರ್ ಎಷ್ಟು ಕೂಗ್ತು?"

ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯವರೂ ಬಂದರು. "ನಮ್ಮದು ಎರಡು ಕೇಳಿಸ್ತು. ಆಮೇಲೆ ಇವರು ಶುರು ಮಾಡಿದ್ರು."

"ನೀನು ಸೈನ್ಸ್ ಓದಿದೀಯಲ್ಲ, ಹೇಳಪ್ಪ," ಎಂದರು ಟೀಚರ್ ನನಗೆ. "ಅನ್ನ ಮುದ್ದೆ ಆಗಿದ್ಯಾ, ಬೆಂದೇ ಇಲ್ವಾ?"

ನಮ್ಮ ಬೀದಿಯಲ್ಲಿ ನಮ್ಮನ್ನು ಬಿಟ್ಟು ಒಂಬತ್ತು ಮನೆ. ಇನ್ನು ಮುಂದೆ ಒಂಬತ್ತೂ ಬೆಲ್ ಒತ್ತಿ, ಒಪ್ಪಿಗೆ ಪಡೆದೇ ಎಂಜಿನ್ ಶುರು ಮಾಡಬೇಕೆಂದು ಅಲ್ಲೇ ತೀರ್ಮಾನವಾಯಿತು.

ಬ್ಯಾಂಕಿನವರು ಮೆಲ್ಲಗೆ ಕೇಳಿದರು: "ಪೇಪರ್ಸ್ ಎಲ್ಲಾ ಸರಿ ಇದೆ ತಾನೇ? ಎನ್‌ಒಸಿ?"

"ಅದನ್ನ ನಾವು ಕೊಡ್ಬೇಕು," ಎಂದರು ಟೀಚರ್.

೪. ಮುಹೂರ್ತ

ಆಯುಧಪೂಜೆಗೆ ನಾಲ್ಕು ದಿನ ಇದ್ದಾಗ ಕೆಂಗೇರಿ ಉಪನಗರದಿಂದ ಒಬ್ಬರು ಬಂದರು. ದಾವಣಗೆರೆ ಕಡೆಯವರು, ಮೆಕ್ಕೆಜೋಳದ ವ್ಯಾಪಾರಿ. ಮೈಲೇಜು ಕೇಳಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು ಆಮೇಲೆ ಬಾನೆಟ್ ಮುಟ್ಟಿದರು. ದೊಡ್ಡಪ್ಪ ಸೋತರು.

"ಗಾಡಿ ಭಾರಿ ಐತ್ರಿ. ಒಂದೇ ಮಾತು. ಆಯುಧಪೂಜಿ ದಿವಸ ಬೆಳಿಗ್ಗೆ ಏಳೂ ಐವತ್ತಕ್ಕ ಮುಹೂರ್ತ ಐತಿ. ಎಂಟರೊಳಗ ನಿಮ್ಮ ಗೇಟು ದಾಟಬೇಕು. ಇಲ್ಲಾಂದ್ರ ಈ ವರ್ಷ ಬ್ಯಾಡ್ರಿ."

ಈ ವರ್ಷ ಬೇಡವಾದರೆ ಮಾರನೆಯ ದಿನ ಆರು ಮಕ್ಕಳು ಬಾನೆಟ್ಟಿನ ಮೇಲೆ. ಆದರೆ ಅದೇ ಹೊತ್ತಿಗೆ ಬೀದಿಯೆಲ್ಲ ಹೋಳಿಗೆಗೆ ಬೇಳೆ ಇಡುತ್ತದೆ. ಒಂದು ಕೂಗು ಹೆಚ್ಚಾದರೂ ಹೂರಣ ಹೋಯಿತು.

ನಾನು ಒಂದು ವೇಳಾಪಟ್ಟಿ ಮಾಡಿದೆ. ಏಳೂ ಇಪ್ಪತ್ತಕ್ಕೆ ಎಲ್ಲರೂ ಬೇಳೆ ಇಡುವುದು. ಏಳೂ ನಲವತ್ತಕ್ಕೆ ಎಲ್ಲರೂ ಒಲೆ ಆರಿಸುವುದು. ಏಳೂ ಐವತ್ತಕ್ಕೆ ಎಂಜಿನ್. ಒಂಬತ್ತೂ ಮನೆಗೆ ಪ್ರತಿ ಕೊಟ್ಟೆ. ಟೀಚರ್ ಅದನ್ನು ಫ್ರಿಜ್ಜಿಗೆ ಅಂಟಿಸಿದರು. "ಓದಿದವರ ಲಕ್ಷಣ ಇದು," ಎಂದರು.

ಹಬ್ಬದ ದಿನ ಏಳೂ ಇಪ್ಪತ್ತಕ್ಕೆ ಹತ್ತೂ ಮನೆಯಲ್ಲಿ ಕುಕ್ಕರ್ ಏರಿತು. ಏಳೂ ಇಪ್ಪತ್ತೈದಕ್ಕೆ ದೊಡ್ಡಪ್ಪ ಕಾರಿನೊಳಗೆ ಕೂತರು.

"ತಣ್ಣಗಿರೋ ಎಂಜಿನ್ ಕೊಟ್ರೆ ಮರ್ಯಾದೆ ಅಲ್ಲ ಕಣೋ. ಸ್ವಲ್ಪ ಬೆಚ್ಚಗೆ ಮಾಡ್ತೀನಿ."

"ದೊಡ್ಡಪ್ಪ, ಇನ್ನೂ..." ಎಂದೆ. ಮುಂದಿನದು ನನಗೇ ಕೇಳಿಸಲಿಲ್ಲ.

ಒಂಬತ್ತು ಬಾಗಿಲು ತೆರೆದವು. ಕಾರು ಹೊರಟೇಬಿಟ್ಟಿತೆಂದುಕೊಂಡು ಎಲ್ಲರೂ ಓಡಿಬಂದರು. ದೊಡ್ಡಮ್ಮ ಆರತಿ ತಟ್ಟೆ ಹಿಡಿದು ಬಂದರು. ಅಷ್ಟು ಜನರನ್ನು ನೋಡಿ ದೊಡ್ಡಪ್ಪನಿಗೆ ಎಂಜಿನ್ ನಿಲ್ಲಿಸಲು ಮನಸ್ಸಾಗಲಿಲ್ಲ. ಬಾನೆಟ್ ತೆಗೆದು ಎಂಟೂ ಸಿಲಿಂಡರನ್ನು ಒಂದೊಂದಾಗಿ ಪರಿಚಯಿಸಿದರು. ಹನ್ನೊಂದು ವರ್ಷ ನೋಡಿ ಬೇಸತ್ತಿದ್ದ ಬೀದಿ ಅಂದು ಮೊದಲ ಸಲ ಗಮನವಿಟ್ಟು ಕೇಳಿತು.

ವ್ಯಾಪಾರಿ ಹಾರ, ನಿಂಬೆಹಣ್ಣು, ಕುಂಬಳಕಾಯಿ ತಂದರು. ಪೂಜೆಯಾಯಿತು. ಸರಿಯಾಗಿ ಏಳೂ ಐವತ್ತಕ್ಕೆ ಕೈ ಮುಗಿದು, ಬಲಗಾಲಿಟ್ಟು, ಬಲಗಡೆಯ ಬಾಗಿಲಿಂದ ಹತ್ತಿ ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೈ ಮುಂದೆ ಚಾಚಿದರು. ಕೈಗೆ ಏನೂ ಸಿಗಲಿಲ್ಲ.

"ಸ್ಟೇರಿಂಗ್ ಎಲ್ಲೈತ್ರಿ?"

"ಆ ಕಡೆ!" ಎಂದು ಹತ್ತು ಮನೆಯವರೂ ಒಟ್ಟಿಗೆ ಕೂಗಿದರು.

ಇಳಿದು, ಸುತ್ತಿ ಬಂದು, ಮತ್ತೆ ಕೈ ಮುಗಿದು ಹತ್ತಿದರು. ಏಳೂ ಐವತ್ತೆಂಟಕ್ಕೆ ಕಾರು ಗೇಟು ದಾಟಿತು. ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. ಅದು ತೊಲಗಲೆಂದು ಕಾದಿದ್ದ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾರು ಮೂಲೆ ತಿರುಗಿತು. ಮೂವತ್ತಮೂರು ನಿಮಿಷದ ಗದ್ದಲ ಮುಗಿದು ಬೀದಿ ನಿಶ್ಶಬ್ದವಾಯಿತು. ಒಂದು ಕುಕ್ಕರೂ ಕೂಗುತ್ತಿರಲಿಲ್ಲ. ಕೂಗಲು ಒಳಗೆ ನೀರು ಉಳಿದಿರಲಿಲ್ಲ.

ಟೀಚರ್ ಮೂಗು ಅರಳಿಸಿದರು. "ಯಾರ ಮನೇದೋ ಸೀದಿದೆ ಕಣ್ರೀ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಓಡಿದರು.

ಮೊದಲಾದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬೇಳೆ ಇಡುತ್ತಿದ್ದರು. ಹೆಚ್ಚೆಂದರೆ ಎರಡು ಮನೆಯದು ಕೆಡುತ್ತಿತ್ತು. ವೇಳಾಪಟ್ಟಿ ನನ್ನದು.

ಮಾರನೆಯ ದಿನ ಖಾಲಿ ಪೋರ್ಟಿಕೊದಲ್ಲಿ ವೀಣೆ ಕ್ಲಾಸು ಶುರುವಾಯಿತು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹೀಗಿದೆ: ಮಾರಾಟವಾದ ಕಾರು, ಒಂದು. ನೆಲದ ಮೇಲೆ ಕೂತ ಮಕ್ಕಳು, ಆರು. ಸೀದ ಕುಕ್ಕರ್, ಹತ್ತು. ಹೋಳಿಗೆ ಆದ ಮನೆ, ಸೊನ್ನೆ.