ಮಂಚದಡಿಯ ಕಪಾಟಿನಲ್ಲಿ ವಾಸವಾಗಿರುವ ಇನ್ವರ್ಟರ್ ಮತ್ತು ಚಾರ್ಜರ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಮನೆಯ ಪಕ್ಕದ ಓಣಿಯಲ್ಲಿ ನಿಂತಿರುವ, ಮಂಚವೂ ಫ್ರಿಜ್ಜೂ ಇರುವ ವ್ಯಾನಿನಂಥ ಮನೆಗಾಡಿಯ ಹಿಂಭಾಗದಲ್ಲಿ, ಮಂಚದ ಕೆಳಗಿನ ಕಪಾಟಿನಲ್ಲಿ, ಹೆಗಲಿಗೆ ಹೆಗಲು ತಾಗಿಸಿಕೊಂಡು ವಾಸವಾಗಿರುವ ಶ್ರೀ ಇನ್ವರ್ಟರ್ ಹಾಗೂ ಶ್ರೀ ಚಾರ್ಜರ್ ಇವರ ಸನ್ನಿಧಾನಕ್ಕೆ, ಸದರಿ ಗಾಡಿಯ ಮಾಲೀಕನೂ ಚಾಲಕನೂ ಕಸ ಗುಡಿಸುವವನೂ ಆದ ನಾನು ಕೈಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ, ತಾವಿಬ್ಬರೂ ಕ್ಷೇಮವಾಗಿದ್ದೀರೆಂದು ನನಗೆ ಚೆನ್ನಾಗಿ ಗೊತ್ತು. ತಮ್ಮ ಕ್ಷೇಮಕ್ಕೆ ಎಳ್ಳಷ್ಟೂ ಕೊರತೆಯಾಗದಂತೆ ನಮ್ಮ ಬ್ಯಾಟರಿ ಇಷ್ಟು ದಿನ ತನ್ನ ಜೀವ ತೇದು ನೋಡಿಕೊಂಡಿದೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸಿಲ್ಲ, ಆದರೂ ಹೇಳುತ್ತೇನೆ.

ನಾನು ಕೆಲಸದಲ್ಲಿ ಇದ್ದಷ್ಟು ಕಾಲವೂ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ನಲ್ಲಿ ಬತ್ತಿದ ಜನ ಸಿಟ್ಟಿನಿಂದ ಬರೆದ ಪತ್ರಗಳಿಗೆಲ್ಲ 'ಪರಿಶೀಲಿಸಲಾಗುತ್ತಿದೆ' ಎಂದು ತಣ್ಣಗೆ ಉತ್ತರ ಬರೆದವನು. ನಾನೇ ದೂರು ಬರೆಯಲು ಕೂತಿರುವುದು ಇದೇ ಮೊದಲಾದ್ದರಿಂದ ಕೈ ಸ್ವಲ್ಪ ತಡವರಿಸುತ್ತಿದೆ. ವಿನಯ ಮಾತ್ರ ಅಭ್ಯಾಸಬಲದಿಂದ ತಾನಾಗಿಯೇ ಬರುತ್ತಿದೆ, ಅದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಈ ಹಳೆಯ ಗಾಡಿಯನ್ನು ನಾವು ಕೊಂಡದ್ದು ಊರೂರು ಸುತ್ತುವ ಶೋಕಿಗಲ್ಲ. ನಮ್ಮ ಅತ್ತೆಯವರಿಗೆ, ಅಂದರೆ ನನ್ನ ಹೆಂಡತಿಯ ತಾಯಿಗೆ, ಮಲಗಿದಾಗ ಉಸಿರು ನಿಂತು ನಿಂತು ಬರುವ ಕಾಯಿಲೆ ಇದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಳಿ ಊದುವ ಒಂದು ಪುಟ್ಟ ಯಂತ್ರವನ್ನು ದಿಂಬಿನ ಪಕ್ಕ ಇಟ್ಟುಕೊಂಡರೆ ಮಾತ್ರ ಅವರಿಗೆ ನಿದ್ದೆ. ಅವರ ತಂಗಿ ಇರುವುದು ಬಹಳ ದೂರದ ಬೆಟ್ಟದ ಮೇಲೆ. ಆಕೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಕೆಳಗಿಳಿಯುವಂತಿಲ್ಲ. ದಾರಿಯಲ್ಲಿ ಒಂದು ರಾತ್ರಿ ತಂಗಲೇಬೇಕು, ಆ ದಾರಿಯ ಕರೆಂಟನ್ನು ನಂಬುವ ಹಾಗಿಲ್ಲ. ಹೀಗಾಗಿ ಅಕ್ಕತಂಗಿಯರಿಬ್ಬರೂ ವರ್ಷಗಳಿಂದ ಫೋನಿನಲ್ಲೇ ಸುಖದುಃಖ ಹೇಳಿಕೊಳ್ಳುತ್ತಾ, ಚಿಕ್ಕಂದಿನಲ್ಲಿ ಅಪ್ಪನ ಕ್ಷೌರದ ಕನ್ನಡಿ ಒಡೆದವರು ಯಾರು ಎಂಬ ಹಳೇ ಜಗಳವನ್ನು ದಿನಾ ಸಂಜೆ ಬಿಸಿ ಮಾಡಿಕೊಳ್ಳುತ್ತಾ ಬಂದಿದ್ದಾರೆ. ಇದನ್ನು ಎದುರುಬದುರು ಕೂತೇ ಇತ್ಯರ್ಥ ಮಾಡಬೇಕೆಂಬುದು ಇಬ್ಬರ ಹಟ. ಬ್ಯಾಟರಿ ಇರುವ ಗಾಡಿಯೊಂದಿದ್ದರೆ ಅತ್ತೆಯವರು ದಾರಿಯಲ್ಲೂ ನೆಮ್ಮದಿಯಾಗಿ ಉಸಿರಾಡಬಹುದಲ್ಲ ಎಂಬ ಉಪಾಯ ನನ್ನ ಹೆಂಡತಿಯದು.

ಹೊರಡುವ ಮುಂಚೆ ತಾಲೀಮು ಇರಲಿ ಎಂದು ಗಾಡಿಯನ್ನು ಓಣಿಯಲ್ಲೇ ನಿಲ್ಲಿಸಿ, ಮನೆಯಿಂದ ಎಳೆದಿದ್ದ ಕರೆಂಟಿನ ವಯರನ್ನು ಕಿತ್ತು, ಇನ್ವರ್ಟರ್ ಮಹಾಶಯರೇ, ತಮ್ಮ ಗುಂಡಿ ಒತ್ತಿ, ಅತ್ತೆಯವರನ್ನು ಅದರಲ್ಲಿ ಮಲಗಿಸಿದೆವು. ಬೆಳಿಗ್ಗೆ ಬಾಗಿಲು ತೆಗೆದರೆ, ಬ್ಯಾಟರಿ ಎಷ್ಟು ತುಂಬಿದೆಯೆಂದು ತೋರಿಸುವ ಮುಳ್ಳು ನೆಲ ಕಚ್ಚಿತ್ತು. ಅತ್ತೆಯವರು ಮಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ಒರಗಿ ಕೂತಿದ್ದರು. "ಯಾಕಮ್ಮ, ಎಬ್ಬಿಸ್ಬಾರ್ದಿತ್ತಾ?" ಎಂದು ನನ್ನ ಹೆಂಡತಿ ಕೇಳಿದರೆ, "ನೀವಾದ್ರೂ ಮಲಗಿದ್ರಲ್ಲ, ಅದ್ಯಾಕೆ ಕೆಡಿಸ್ಲಿ ಅಂತ" ಎಂದರು. ಎರಡನೆಯ ತಾಲೀಮೂ ಹೀಗೇ ಆಯಿತು, ಮೂರನೆಯದೂ ಇದೇ ಹಾಡು. ಅವರು ಮನೆಯೊಳಗೆ ಮಲಗಿದ ದಿನ ಮಾತ್ರ ಬ್ಯಾಟರಿ ತುಂಬಿದ ಕೊಡದಂತೆ ನಗುನಗುತ್ತಾ ಇರುತ್ತಿತ್ತು.

ಇಲ್ಲಿ ನನ್ನ ಭಾಮೈದನನ್ನು ತಮಗೆ ಪರಿಚಯಿಸಬೇಕಾಗಿಲ್ಲ, ತಮ್ಮಿಬ್ಬರನ್ನೂ ಒಂದುಗೂಡಿಸಿದವನೇ ಅವನು. ಹೆಂಡತಿಯ ತಮ್ಮ, ಲಿಫ್ಟ್ ರಿಪೇರಿ ಕಸುಬು, ಮನೆಯಲ್ಲಿ ಎಲ್ಲರೂ ಕರೆಯುವುದು 'ಸರ್ಕಿಟ್' ಎಂದು. ಗಾಡಿ ಬಂದ ಹೊಸತರಲ್ಲಿ ಚಾರ್ಜರ್ ಮಹಾಶಯರ ಹಳೇ ಪ್ಲಗ್ ಜಾಗ ಸಡಿಲವಾಗಿದೆಯೆಂದು ಅವರನ್ನು ಅಲ್ಲಿಂದ ಎಬ್ಬಿಸಿ, ಬೇರೆ ಕಡೆ ಕೂರಿಸಿ, ಕೈ ಒರೆಸಿಕೊಳ್ಳುತ್ತಾ, "ಭಾವ, ಇನ್ಮೇಲೆ ಗಾಡೀಲಿ ಯಾವ ಪ್ಲಗ್ಗಿಗೆ ಏನ್ ಹಾಕಿದ್ರೂ ಕರೆಂಟ್ ಬರುತ್ತೆ. ಮನೆ ಲೈನ್ ಇದ್ರೆ ಅದರದ್ದು, ಇಲ್ದಿದ್ರೆ ಇನ್ವರ್ಟರ್‌ದು. ನೀವು ತಲೆ ಕೆಡಿಸ್ಕೋಬೇಡಿ" ಎಂದಿದ್ದ. ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕರೆಂಟು ತಿನ್ನುವ ಕಳ್ಳನನ್ನು ಹಿಡಿಯುವ ಹೊಣೆಯನ್ನೂ ಅವನೇ ಹೊತ್ತ. ಅವನ ತನಿಖೆಯ ಶಿಸ್ತನ್ನು ತಾವು ಕಪಾಟಿನೊಳಗಿಂದ ಕೇಳಿ ಮುಸಿಮುಸಿ ನಕ್ಕಿರಬೇಕು. ಪ್ರತಿ ಸಲವೂ ಗಾಡಿ ಹತ್ತಿದವನೇ, ಬ್ಯಾಟರಿಯ ಮುಳ್ಳು ನೋಡಿ ಕರುಳು ಚುರುಕ್ ಎಂದು, "ಪಾಪ, ತುಂಬಾ ಸುಸ್ತಾಗಿದೆ, ಮೊದ್ಲು ಒಂಚೂರು ಊಟ ಹಾಕೋಣ" ಎಂದು ಮನೆಯ ವಯರನ್ನು ತಂದು ಚುಚ್ಚುತ್ತಿದ್ದ. ಆಮೇಲೆಯೇ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹೊರಗೆ ಬರುತ್ತಿದ್ದುದು. ಮನೆಯ ಕರೆಂಟು ಬಂದ ಮೇಲೆ ಚಾರ್ಜರ್ ಮಹಾಶಯರು ಅದನ್ನು ತೆಗೆದುಕೊಂಡು ಬ್ಯಾಟರಿಗೆ ತುಂಬುವುದು ಅವರ ಧರ್ಮವೇ ಆದ್ದರಿಂದ, ಅವರು ಗುಂಯ್‌ಗುಟ್ಟಿದರೂ ಬಿಸಿಯಾದರೂ ಅದು ಕರ್ತವ್ಯನಿಷ್ಠೆ ಎಂದೇ ನಾವು ಕೊಂಡಾಡಿದೆವು. ವೈದ್ಯರ ಮುಖ ಕಂಡೊಡನೆ ಜ್ವರ ಬಿಡುವ ರೋಗಿಯ ಹಾಗೆ ನಮ್ಮ ಗಾಡಿ ಪರೀಕ್ಷೆಯ ಹೊತ್ತಿನಲ್ಲೆಲ್ಲಾ ಗುಂಡುಕಲ್ಲಿನಂತಿರುತ್ತಿತ್ತು. ಬ್ಯಾಟರಿಯ ಮೇಲಿನ ಈ ಕರುಣೆಯಲ್ಲಿ ನಾನೂ ನನ್ನ ಹೆಂಡತಿಯೂ ಸಮಪಾಲುದಾರರು, ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ನಿರಪರಾಧಿಗಳ ಮೇಲೆ ನಡೆದ ದೌರ್ಜನ್ಯವನ್ನು ನೆನೆದರೆ ಈಗಲೂ ಮುಖ ಎತ್ತಲು ಆಗುವುದಿಲ್ಲ. ಫ್ರಿಜ್ಜನ್ನು ಖಾಲಿ ಮಾಡಿಸಿ, ಬಾಗಿಲಿಗೆ ಟವೆಲ್ ತುರುಕಿ, ಕೆಲಸದಿಂದ ಬಿಡಿಸಿದೆವು. ಮೆಟ್ಟಿಲಿನ ಮೇಲಿದ್ದ ಬೆರಳುದ್ದದ ದೀಪವನ್ನು ಕಿತ್ತು ಡಬ್ಬಿಯಲ್ಲಿ ಹಾಕಿದೆವು. ನೀರಿನ ಪಂಪಿನ ಫ್ಯೂಸ್ ತೆಗೆದು, ಅತ್ತೆಯವರು ಚೊಂಬಿನಲ್ಲಿ ಕೈ ತೊಳೆಯುವ ಹಾಗೆ ಮಾಡಿದೆವು. ತನ್ನ ಪಾಡಿಗೆ ತನ್ನ ಸ್ವಂತ ಪುಟ್ಟ ಸೆಲ್ಲಿನಲ್ಲಿ ಓಡುತ್ತಿದ್ದ, ಬ್ಯಾಟರಿಯ ಮುಖವನ್ನೇ ಕಾಣದ ಗೋಡೆ ಗಡಿಯಾರವನ್ನು ಕೂಡ, "ಅದ್ರ ಮೇಲೂ ನಂಗೆ ಅನುಮಾನ" ಎಂದು ನನ್ನ ಹೆಂಡತಿ ಕೆಳಗಿಳಿಸಿ ಡಬ್ಬಿಗೆ ಹಾಕಿದಳು. ತಮ್ಮ ಕಪಾಟನ್ನು ಮಾತ್ರ ಯಾರೂ ತಟ್ಟಲಿಲ್ಲ. ಕರೆಂಟು ಕೊಡುವವರೂ ತುಂಬುವವರೂ ಕದಿಯುತ್ತಾರೆಂದು ಯಾವ ಬಾಯಲ್ಲಿ ಹೇಳುವುದು, ಸ್ವಾಮಿ?

ಕೊನೆಗೆ ಗಾಡಿಯಲ್ಲಿ ಕರೆಂಟು ಬಳಸುವ ವಸ್ತುವೆಂದು ಉಳಿದದ್ದು ಅತ್ತೆಯವರ ಯಂತ್ರ ಒಂದೇ. ಸರ್ಕಿಟ್ ಅದನ್ನು ಅಳೆದು ನೋಡಿ, ತೀರಾ ಕಡಿಮೆ ತೋರಿಸುತ್ತಿದೆಯೆಂದು ಮೀಟರನ್ನೇ ಬಡಿದ. ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅತ್ತೆಯವರೇ ನಗುತ್ತಾ, "ನನ್ನ ಉಸಿರೇ ಜಾಸ್ತಿ ಕರೆಂಟ್ ತಿನ್ನುತ್ತೆ ಅಂತ ಕಾಣುತ್ತೆ ಅಳಿಯಂದ್ರೇ. ನೀವು ಮೂರೂ ಜನ ಹೋಗ್ಬನ್ನಿ, ತಂಗಿಗೆ ನಾನು ಫೋನಲ್ಲೇ ಹೇಳ್ತೀನಿ" ಎಂದರು. ನನ್ನ ಹೆಂಡತಿ ಎದ್ದು ಹೋಗಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು. ಆಮೇಲೆ ನನ್ನ ಕಡೆ ತಿರುಗಿ, "ರೀ, ಅಮ್ಮ ಬರ್ದೇ ಇದ್ರೆ ಈ ಗಾಡೀಲಿ ನಾನೇನು ಬಟ್ಟೆ ಒಣಗಿಸ್ಲಾ?" ಎಂದು ಕೇಳಿದಳು. 'ಪರಿಶೀಲಿಸಲಾಗುತ್ತಿದೆ' ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಹೇಗೋ ನುಂಗಿಕೊಂಡೆ.

ಮಾನ್ಯರೇ, ತಾವು ಬ್ಯಾಟರಿ ಬರಿದು ಮಾಡಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ, ಅದು ಮತ್ತೆ ತುಂಬುತ್ತದೆ. ಒಬ್ಬ ಹಿರಿಯ ಹೆಂಗಸು ತಮ್ಮಿಬ್ಬರ ತಪ್ಪನ್ನು ತನ್ನ ಉಸಿರಿನ ತಲೆಗೆ ಕಟ್ಟಿಕೊಂಡು, ಇನ್ನೊಬ್ಬರಿಗೆ ತಾನು ಹೊರೆಯೆಂದುಕೊಂಡು, ತಂಗಿಯ ಮುಖ ನೋಡುವ ಆಸೆಯನ್ನೇ ನಗುನಗುತ್ತಾ ಬಿಟ್ಟುಕೊಡುತ್ತಿರುವಾಗ, ತಾವಿಬ್ಬರೂ ಅವರ ಬೆನ್ನ ಕೆಳಗೇ ಹಸಿರು ದೀಪ ಹೊತ್ತಿಸಿಕೊಂಡು ಸುಮ್ಮನೆ ಕೂತಿದ್ದಿರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ಅಂದು ಮಧ್ಯಾಹ್ನ ಅತ್ತೆಯವರು ತಮ್ಮ ದಿಂಬು, ಶಾಲು, ಯಂತ್ರ ಎಲ್ಲವನ್ನೂ ಮನೆಗೆ ತರಲೆಂದು ಗಾಡಿ ಹತ್ತಿದರು. ಇನ್ನೇನು ಪ್ರಯಾಣವೇ ಇಲ್ಲವಲ್ಲ ಎಂದು ಮನೆಯ ವಯರನ್ನು ನಾವು ಆಗಲೇ ಸುತ್ತಿಟ್ಟಿದ್ದೆವು. ಬಾಗಿಲ ಪಕ್ಕ ದೀಪದ ಗುಂಡಿಯೂ ಇನ್ವರ್ಟರ್ ಗುಂಡಿಯೂ ಅಕ್ಕಪಕ್ಕ ಇವೆ. ಯಾವುದು ಯಾವುದೆಂದು ನೆನಪಿಡುವ ಗೋಜಿಗೆ ಹೋಗದೆ ಎರಡನ್ನೂ ಒತ್ತಿಬಿಡುವುದು ಅವರ ರೂಢಿ. ನಾನು ಹೊರಗೆ, ಎಲ್ಲಿಗೂ ಹೋಗದ ಗಾಡಿಯ ಮುಂದಿನ ಗಾಜನ್ನು ಯಾಕೆಂದು ತಿಳಿಯದೆ ಒರೆಸುತ್ತಾ ನಿಂತಿದ್ದೆ. ಹಿಂದಿನ ಕಿಟಕಿ ತಟ್ಟಿದ ಸದ್ದಾಯಿತು. ಹೋಗಿ ನೋಡಿದರೆ ಅವರು ಚೀಲವನ್ನು ಎದೆಗೆ ಅವುಚಿಕೊಂಡು, ಮಂಚದ ಕೆಳಗಿನ ಕಪಾಟಿನ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ಬಗ್ಗಿದ್ದರು.

"ಅಳಿಯಂದ್ರೇ, ನಂದು ಚೀಲದಲ್ಲಿದೆ. ಮತ್ತೆ ಇಲ್ಲಿ ಉಸಿರಾಡ್ತಿರೋದು ಯಾರು?"

ಕಿವಿಗೊಟ್ಟೆ. ಅಷ್ಟು ದಿನ ಅವರ ಯಂತ್ರದ ಸದ್ದಿನ ಮರೆಯಲ್ಲಿ ಅಡಗಿದ್ದ ಚಾರ್ಜರ್ ಮಹಾಶಯರು, ಮನೆಯ ವಯರೇ ಇಲ್ಲದ ಗಾಡಿಯಲ್ಲಿ ಗುಂಯ್ ಎನ್ನುತ್ತಿದ್ದರು. ಕಪಾಟಿನ ಬಾಗಿಲು ಆಗಲೇ ಬೆಚ್ಚಗಾಗಿತ್ತು. ಆರೋಪಿ ಚೀಲದೊಳಗಿದ್ದರೂ ಕಳ್ಳತನ ಸಾಂಗವಾಗಿ ನಡೆಯುತ್ತಿತ್ತು!

ಸರ್ಕಿಟ್ ಓಡಿ ಬಂದ. ಊಟ ಹಾಕುವ ಮಾತೆತ್ತಲು ಅವನಕ್ಕ ಬಿಡಲಿಲ್ಲ. ಚಾರ್ಜರಿನ ಪ್ಲಗ್ ಕಿತ್ತೊಡನೆ ಗಾಡಿ ಗಪ್‌ಚಿಪ್ ಆಯಿತು. ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡು ಅವನು, "ಭಾವ, ಒಂದ್ ಮಾತು ಹೇಳ್ತೀನಿ, ಬೈಬಾರ್ದು" ಎಂದ. ಮೆಟ್ಟಿಲ ಮೇಲಿಂದ ನನ್ನ ಹೆಂಡತಿ, "ಅವ್ರು ಬೈಯಲ್ಲ ಕಣೋ, ನಾನು ಬೈತೀನಿ" ಎಂದು ಭರವಸೆ ಕೊಟ್ಟಳು, ಕೊಟ್ಟ ಮಾತನ್ನು ಉಳಿಸಿಕೊಂಡಳು ಕೂಡ.

ತಮ್ಮ ವ್ಯವಹಾರ ಅರ್ಥವಾದಾಗ, ನಿಜ ಹೇಳುತ್ತೇನೆ, ಸಿಟ್ಟಿಗಿಂತ ಮೊದಲು ನನಗೆ ಬಂದದ್ದು ಗೌರವ. ಶ್ರೀ ಇನ್ವರ್ಟರ್ ಅವರು ಬ್ಯಾಟರಿಯಿಂದ ಕರೆಂಟು ತೆಗೆದು ಪ್ಲಗ್ಗಿಗೆ ಕೊಡುತ್ತಾರೆ. ಸರ್ಕಿಟ್ ಜಾಗ ಬದಲಿಸಿದ ದಿನದಿಂದ ಅದೇ ಪ್ಲಗ್ಗಿನಲ್ಲಿ ಕೂತಿರುವ ಶ್ರೀ ಚಾರ್ಜರ್ ಅವರು ಅದನ್ನು ತೆಗೆದುಕೊಂಡು ಅದೇ ಬ್ಯಾಟರಿಗೆ ವಾಪಸ್ಸು ತುಂಬುತ್ತಾರೆ. ತುಂಬಿದ್ದನ್ನು ಶ್ರೀ ಇನ್ವರ್ಟರ್ ಅವರು ಮತ್ತೆ ತೆಗೆಯುತ್ತಾರೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಕರೆಂಟು ಶಾಖವಾಗಿ ಕಪಾಟಿನಲ್ಲೇ ಖರ್ಚಾಗುತ್ತದೆ. ಕೊಟ್ಟವರಿಗೆ ಕೊಟ್ಟ ಪುಣ್ಯ, ತುಂಬಿದವರಿಗೆ ತುಂಬಿದ ಪುಣ್ಯ, ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ನಮ್ಮ ಕಚೇರಿಯಲ್ಲಿಯೂ ಒಂದು ಫೈಲು ಎರಡು ಮೇಜುಗಳ ನಡುವೆ, ಇಲ್ಲಿಂದ 'ಅಭಿಪ್ರಾಯಕ್ಕಾಗಿ', ಅಲ್ಲಿಂದ 'ಸೂಕ್ತ ಕ್ರಮಕ್ಕಾಗಿ', ಹೀಗೆ ಓಡಾಡುತ್ತಾ ಎರಡೂ ಕಡೆಯವರನ್ನು ಸದಾ ದುಡಿಯುತ್ತಿರುವವರಂತೆ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಇಬ್ಬರೂ ಸಂಜೆಗೆ ಮನೆಗೆ ಹೋಗುತ್ತಿದ್ದರು. ತಮ್ಮಂತೆ ರಾತ್ರಿಪಾಳಿಯಲ್ಲೂ ದುಡಿದವರನ್ನು ನನ್ನ ಇಡೀ ಸೇವಾವಧಿಯಲ್ಲಿ ನೋಡಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆ ಇಷ್ಟೇ. ಇನ್ನು ಮುಂದೆ ಶ್ರೀ ಚಾರ್ಜರ್ ಅವರು ಏನಾದರೂ ಸ್ವೀಕರಿಸುವ ಮುನ್ನ ಅದು ಯಾರ ಮನೆಯದೆಂದು ಒಂದು ಮಾತು ಕೇಳತಕ್ಕದ್ದು. ಶ್ರೀ ಇನ್ವರ್ಟರ್ ಅವರು ಪಕ್ಕದಲ್ಲಿರುವವರು ಎಷ್ಟೇ ಆಪ್ತರಾದರೂ 'ಇಲ್ಲ' ಎನ್ನುವುದನ್ನು ಕಲಿಯತಕ್ಕದ್ದು. ಇಬ್ಬರೂ ಜಂಟಿಯಾಗಿ ಫ್ರಿಜ್ಜಿನ ಎದುರು ನಿಂತು ತಲೆ ತಗ್ಗಿಸಿ, ಮೆಟ್ಟಿಲಿನ ದೀಪದ ಮಾನವನ್ನು ಮರಳಿಸಿ, ಗೋಡೆ ಗಡಿಯಾರಕ್ಕೆ ಅದು ಡಬ್ಬಿಯಲ್ಲಿ ಕಳೆದ ವೇಳೆಯನ್ನು ಹಿಂದಕ್ಕೆ ಕೊಡತಕ್ಕದ್ದು. ಅತ್ತೆಯವರು ಕಿಟಕಿಗೆ ಒರಗಿ ಕಳೆದ ಆ ನಿದ್ದೆಯನ್ನು, ಸಾಧ್ಯವಾದರೆ ತುಂಬಿದ ಸ್ಥಿತಿಯಲ್ಲಿ, ಅವರ ದಿಂಬಿನ ಕೆಳಗೆ ತಂದಿಡತಕ್ಕದ್ದು. ಇದು ತಮ್ಮಿಂದ ಆಗದಿದ್ದರೆ 'ಪರಿಶೀಲಿಸಲಾಗುತ್ತಿದೆ' ಎಂದಾದರೂ ತಿಳಿಸಿ. ಆ ಉತ್ತರ ಓದಿದವರಿಗೆ ಹೇಗನ್ನಿಸುತ್ತದೆಂದು ನೋಡುವ ಕುತೂಹಲ ನನಗೂ ಇದೆ.

ನಿನ್ನೆ ಚಾರ್ಜರಿನ ಪ್ಲಗ್ಗನ್ನು ಕಿತ್ತಿಟ್ಟು ಕೊನೆಯ ತಾಲೀಮು ನಡೆಯಿತು. ಇಂದು ಬಿಸಿಲು ಏರಿದರೂ ಗಾಡಿಯ ಬಾಗಿಲು ತೆರೆಯಲಿಲ್ಲ. ನಾವು ಮೂವರೂ ಕಾಫಿ ಲೋಟ ಹಿಡಿದುಕೊಂಡು, ತಟ್ಟಲು ಧೈರ್ಯವಿಲ್ಲದೆ ಓಣಿಯಲ್ಲಿ ನಿಂತಿದ್ದೆವು. ಕೊನೆಗೆ ಅತ್ತೆಯವರೇ ಬಾಗಿಲು ತೆಗೆದು, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತುಕೊಂಡು, "ಏನು, ಮೂರೂ ಜನ ಹೀಗೆ ನಿಂತಿದ್ದೀರಾ? ಮತ್ತೆ ಸತ್ತೋಯ್ತಾ?" ಎಂದರು. ಒಳಗೆ ಹೋಗಿ ನೋಡಿದರೆ ಮುಳ್ಳು ಅರ್ಧಕ್ಕಿಂತ ಎಷ್ಟೋ ಮೇಲಿತ್ತು. ನಾಳೆ ಹೊರಡುತ್ತೇವೆ. ಚಾರ್ಜರ್ ಮಹಾಶಯರಿಗೆ ಮನೆಯ ಲೈನಿನ ಮೇಲೆ ಮಾತ್ರ ಬದುಕುವ ಪ್ರತ್ಯೇಕ ವಯರನ್ನು ಸರ್ಕಿಟ್ ಈಗಾಗಲೇ ಎಳೆದಿದ್ದಾನೆ, ಅವನಕ್ಕ ಪಕ್ಕದಲ್ಲೇ ನಿಂತು ಎಳೆಸಿದ್ದಾಳೆ.

ತಮ್ಮ ಮೇಲಿನ ವಿಶ್ವಾಸ ತಳ ಕಂಡಿದ್ದರೂ ವಾಡಿಕೆ ಬಿಡಲಾರದೆ,

ತಮ್ಮ ವಿಶ್ವಾಸಿ,
ಸದರಿ ಗಾಡಿಯ ಮಾಲೀಕ, ನಿವೃತ್ತ ದೂರು ಗುಮಾಸ್ತ

ಪ್ರತಿ: ಫ್ರಿಜ್ಜಿಗೆ, ಕೂಡಲೇ ಕೆಲಸಕ್ಕೆ ಹಾಜರಾಗುವ ಕೋರಿಕೆಯೊಂದಿಗೆ.

ಮರೆತ ಮಾತು: ಇದನ್ನು ಬೆಟ್ಟದ ಮೇಲಿಂದ ಸೇರಿಸುತ್ತಿದ್ದೇನೆ. ಗಾಡಿಯನ್ನು ಅತ್ತೆಯವರ ತಂಗಿಯ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದೇವೆ. ಆಕೆಯನ್ನು ನಾವೆಲ್ಲ ಸೇರಿ ಮೆಲ್ಲಗೆ ಎತ್ತಿ ತಂದು ಒಳಗೆ ಕೂರಿಸಿದ್ದು ತಮ್ಮ ತಲೆಯ ಮೇಲಿನ ಮಂಚದಲ್ಲೇ, ಆದ್ದರಿಂದ ತಮಗೂ ಎಲ್ಲ ಕೇಳಿಸುತ್ತಿರಬೇಕು. ಬೆಳಗಿನಿಂದ ಅಕ್ಕ "ಕನ್ನಡಿ ಒಡೆದದ್ದು ನಾನೇ ಕಣೇ" ಎನ್ನುತ್ತಿದ್ದಾರೆ, ತಂಗಿ "ಸುಮ್ನಿರಕ್ಕ, ನಾನೇ ಒಡೆದಿದ್ದು" ಎನ್ನುತ್ತಿದ್ದಾರೆ. ಅದೇ ಮಾತು ಇವರಿಂದ ಅವರಿಗೆ, ಅವರಿಂದ ಮತ್ತೆ ಇವರಿಗೆ. ಸಂಜೆಯಾಗುತ್ತಾ ಬಂತು, ಇಬ್ಬರಲ್ಲಿ ಒಬ್ಬರೂ ಬರಿದಾಗಿಲ್ಲ. ನೋಡಿ ಕಲಿಯಿರಿ.